ಮೀಟರಿಗೆ ಕಾಣದ ಎಣ್ಣೆ

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ, ಒಗೆಯದ ಬಟ್ಟೆ ಮತ್ತು ಮಿನಿ ಪ್ರಾಜೆಕ್ಟಿನ ಡಬ್ಬಿಯನ್ನು ಒಂದೇ ಬ್ಯಾಗಿಗೆ ತುರುಕಿಕೊಂಡು ಮೈಸೂರಿನ ಹಾಸ್ಟೆಲಿನಿಂದ ಊರಿಗೆ ಬಂದಾಗ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಪಕ್ಕ ಚೀಲ, ಮಂಚದ ಕೆಳಗೆ ರಾಶಿ, ಬಾಗಿಲ ಹಿಂದೆ ಬುಟ್ಟಿ. ಎಲ್ಲದರಲ್ಲೂ ಆಲೂಗೆಡ್ಡೆ.

ನಮ್ಮದು ಹಾಸನದ ಹತ್ತಿರದ ಹಳ್ಳಿ. ಮೇ ತಿಂಗಳು ಬಂತೆಂದರೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಹೊತ್ತ ಲಾರಿಗಳು ಹಾಸನದ ಎಪಿಎಂಸಿಗೆ ಬರುತ್ತವೆ. ಅಪ್ಪ ಹೋಗಿ ನಾಲ್ಕು ಚೀಲ ಕೊಯ್ದು ನೋಡಿ, ಮೂಸಿ ನೋಡಿ, ಚೌಕಾಸಿ ಮಾಡಿ ತರುತ್ತಾರೆ. ಮುಂಗಾರಿಗೆ ಬಿತ್ತನೆ, ಆಗಸ್ಟ್ ಸೆಪ್ಟೆಂಬರಿಗೆ ಕಟಾವು. ಅಂಗಮಾರಿ ರೋಗಕ್ಕೆ ಬೇಸತ್ತು ಅಕ್ಕಪಕ್ಕದ ಹೊಲದವರೆಲ್ಲ ಮೆಕ್ಕೆಜೋಳಕ್ಕೋ ಶುಂಠಿಗೋ ಹೋಗಿಬಿಟ್ಟಿದ್ದಾರೆ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಬೆಳೆಯನ್ನು ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ್ದು ಇದೇ ಅಂಗಮಾರಿ ಎಂದು ನಾನು ಒಮ್ಮೆ ಅಪ್ಪನಿಗೆ ಹೇಳಿದ್ದೆ. ‘ಹಂಗಾದ್ರೆ ಅದು ನಮ್ಮ ತಾತನಿಗಿಂತ ಹಳೇದು ಬಿಡು’ ಎಂದು ಹೇಳಿ ಮರುವರ್ಷವೂ ಒಂದು ಎಕರೆಗೆ ಬಿತ್ತಿದರು.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಆಲೂಗೆಡ್ಡೆ ಪಲ್ಯ ಬಿತ್ತು. ಅಪ್ಪನ ತಟ್ಟೆಗೆ ಬೀಳಲಿಲ್ಲ. ಅವರಿಗೆ ಎರಡು ಮುದ್ದೆ, ಸೊಪ್ಪಿನ ಸಾರು, ಮೇಲೆ ಎಣ್ಣೆ ಮಿನುಗುವ ಬದನೆಕಾಯಿ ಎಣ್ಣೆಗಾಯಿ, ಪಕ್ಕದಲ್ಲಿ ನಾಲ್ಕು ಹೀರೇಕಾಯಿ ಬಜ್ಜಿ.

‘ಅಪ್ಪಂಗೆ ಪಲ್ಯ?’ ಎಂದೆ.

‘ಅವರಿಗೆ ಸಕ್ಕರೆ ಬಂದೈತೆ ಕಣೇ. ಡಾಕ್ಟ್ರು ಆಲೂಗೆಡ್ಡೆ ಬ್ಯಾಡ ಅಂದವ್ರೆ. ನೆಲದೊಳಗೆ ಬೆಳ್ದಿದ್ದು ಏನೂ ತಿನ್ನಂಗಿಲ್ವಂತೆ’ ಎಂದರು ಅಮ್ಮ. ಪರೀಕ್ಷೆ ಇದೆಯೆಂದು ಎರಡು ತಿಂಗಳಿಂದ ನನಗೆ ಹೇಳಿರಲಿಲ್ಲ. ಅಪ್ಪ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಮೂವತ್ತು ವರ್ಷದಿಂದ ಆಲೂಗೆಡ್ಡೆ ಬೆಳೆದ ಮನುಷ್ಯ, ತಾನು ಬೆಳೆದ ರಾಶಿಯ ಮಧ್ಯೆ ಕೂತು ಅದನ್ನು ಬಿಟ್ಟು ಉಣ್ಣುತ್ತಿದ್ದಾರೆ. ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಳು ಕಳೆದು ಸಿಟ್ಟು ಬಂತು. ನೆಲದೊಳಗೆ ಬೆಳೆದದ್ದು ಬೇಡ ಎನ್ನುವುದಾದರೆ ಮೂಲಂಗಿಯೂ ಬೇಡ, ಈರುಳ್ಳಿಯೂ ಬೇಡ, ಕಡಲೆಕಾಯಿಯೂ ಬೇಡ. ಕಬ್ಬು ನೆಲದ ಮೇಲೆ ಬೆಳೆಯುತ್ತದಲ್ಲ, ಅದನ್ನು ತಿನ್ನಬಹುದೇ? ಅಮ್ಮನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಡಾಕ್ಟರು ಕೊಟ್ಟ ಚೀಟಿ ಹುಡುಕಿದೆ. ದೇವರ ಮನೆಯ ಗೂಡಿನಲ್ಲಿತ್ತು. ಮಾತ್ರೆಗಳ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಕಡಿಮೆ ಮಾಡಿ: ಎಣ್ಣೆ, ಸಿಹಿ, ಅನ್ನ, ಆಲೂಗೆಡ್ಡೆ. ಬಿಡಿ ಎಂದಿರಲಿಲ್ಲ, ಕಡಿಮೆ ಮಾಡಿ ಎಂದಿತ್ತು. ಎಣ್ಣೆ ಮೊದಲನೆಯದು, ಆಲೂಗೆಡ್ಡೆ ಕೊನೆಯದು. ನಮ್ಮ ಮನೆಯ ಕಿವಿಗೆ ಕೊನೆಯದು ಮಾತ್ರ ಬಿದ್ದಿತ್ತು.

ಯಾಕೆ ಹೀಗಾಯಿತು ಎಂದು ಆಮೇಲೆ ಹೊಳೆಯಿತು. ಆಲೂಗೆಡ್ಡೆಯನ್ನು ತಟ್ಟೆಯಿಂದ ಎತ್ತಿ ಪಕ್ಕಕ್ಕಿಡಬಹುದು. ಎಣ್ಣೆಯನ್ನು ಎತ್ತಿಡಲು ಬರುವುದಿಲ್ಲ. ‘ಇವತ್ತು ಎಣ್ಣೆ ತಿಂದೆ’ ಎಂದು ಯಾರೂ ಹೇಳುವುದಿಲ್ಲ. ಬಜ್ಜಿ ತಿಂದೆ, ಚಿತ್ರಾನ್ನ ತಿಂದೆ ಎನ್ನುತ್ತೇವೆ.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ಆಹಾರ ವಿಜ್ಞಾನ ನನ್ನ ವಿಷಯವಲ್ಲ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿ ಯಾರು ಬೇಕಾದರೂ ಓದುವಂಥದ್ದು. ಇಂಥ ಪಟ್ಟಿಗಳಲ್ಲಿ ಎಲ್ಲವೂ 100 ಗ್ರಾಂ ಲೆಕ್ಕದಲ್ಲಿರುತ್ತದೆ. 100 ಗ್ರಾಂ ಹಸಿ ಆಲೂಗೆಡ್ಡೆಯಲ್ಲಿ ಹೆಚ್ಚುಕಡಿಮೆ 79 ಗ್ರಾಂ ನೀರೇ. ಉಳಿದದ್ದರಲ್ಲಿ 17 ಗ್ರಾಂನಷ್ಟು ಕಾರ್ಬೋಹೈಡ್ರೇಟ್, ಅದರಲ್ಲಿ ಬಹುಪಾಲು ಪಿಷ್ಟ. 2 ಗ್ರಾಂ ಪ್ರೋಟೀನು. ಕೊಬ್ಬು 0.1 ಗ್ರಾಂ, ಅಂದರೆ ಇಲ್ಲವೆಂದೇ ಲೆಕ್ಕ. ಒಟ್ಟು ಶಕ್ತಿ ಸುಮಾರು 77 ಕ್ಯಾಲೊರಿ. ಪೊಟ್ಯಾಸಿಯಂ 400 ಮಿಲಿಗ್ರಾಂಗೂ ಹೆಚ್ಚು. ವಿಟಮಿನ್ ಸಿ ಸುಮಾರು 20 ಮಿಲಿಗ್ರಾಂ, ಬೇಯಿಸಿದಾಗ ಇದರಲ್ಲಿ ಒಂದಷ್ಟು ಹೋಗುತ್ತದೆ, ಸಿಪ್ಪೆ ಸಮೇತ ಬೇಯಿಸಿದರೆ ಕಡಿಮೆ ಹೋಗುತ್ತದೆ.

ನಮ್ಮ ಮನೆಯಲ್ಲಿ ಬಳಸುವ ಸೂರ್ಯಕಾಂತಿ ಎಣ್ಣೆಯ ಸಾಲು ಇದರ ತದ್ವಿರುದ್ಧ. ನೀರಿಲ್ಲ, ಪಿಷ್ಟವಿಲ್ಲ, ಪ್ರೋಟೀನಿಲ್ಲ, ನಾರಿಲ್ಲ, ಪೊಟ್ಯಾಸಿಯಂ ಇಲ್ಲ, ವಿಟಮಿನ್ ಸಿ ಇಲ್ಲ. 100 ಗ್ರಾಂಗೆ 100 ಗ್ರಾಂ ಕೊಬ್ಬು. ಗ್ರಾಂಗೆ 9ರಂತೆ ಸುಮಾರು 900 ಕ್ಯಾಲೊರಿ. ಒಂದು ಕಡೆ ಸೊನ್ನೆ ಇದ್ದಲ್ಲಿ ಇನ್ನೊಂದು ಕಡೆ ಅಂಕಿ, ಅಂಕಿ ಇದ್ದಲ್ಲಿ ಸೊನ್ನೆ.

77 ಮತ್ತು 900 ನೋಡಿದ ಕೂಡಲೇ ನಾನು ಕೇಸು ಗೆದ್ದೆ ಎಂದುಕೊಂಡು ಅಡುಗೆಮನೆಗೆ ಓಡಿದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮ ಒಂದೇ ಮಾತಿನಲ್ಲಿ ಕೆಡವಿದರು. ‘ನೂರು ಗ್ರಾಂ ಎಣ್ಣೆ ಯಾರೇ ಕುಡೀತಾರೆ?’

ಸರಿಯಾದ ಪ್ರಶ್ನೆ. ಆಲೂಗೆಡ್ಡೆ ತಟ್ಟೆಯ ಲೆಕ್ಕ, ಎಣ್ಣೆ ಚಮಚದ ಲೆಕ್ಕ. ಎರಡನ್ನೂ ನೂರು ಗ್ರಾಂ ಎಂಬ ಒಂದೇ ಅಳತೆಗೆ ಕಟ್ಟಿದರೆ ಸಿಗುವ ಹೋಲಿಕೆ ಕಾಗದದ ಮೇಲೆ ಮಾತ್ರ ನಿಜ. ನಾವು ಲ್ಯಾಬಿನಲ್ಲಿ ಯೂನಿಟ್ ತಪ್ಪು ಬರೆದರೆ ಮೇಷ್ಟ್ರು ರೆಕಾರ್ಡ್ ವಾಪಸ್ ಎಸೆಯುತ್ತಾರೆ. ಮನೆಯಲ್ಲಿ ಆ ಕೆಲಸವನ್ನು ಏಳನೇ ಕ್ಲಾಸು ಓದಿದ ಅಮ್ಮ ಮಾಡಿದರು.

ಹಾಗಾದರೆ ನಾವು ನಿಜಕ್ಕೂ ತಿನ್ನುವ ಎಣ್ಣೆ ಎಷ್ಟು? ಇದಕ್ಕೆ ಉತ್ತರ ಗೋಡೆಯ ಮೇಲಿತ್ತು. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಎಣ್ಣೆ ಕ್ಯಾನ್ ಒಡೆದ ದಿನ, ಹಸುವಿಗೆ ಸೂಜಿ ಹಾಕಿಸಿದ ದಿನ, ಎಲ್ಲವನ್ನೂ ಅಮ್ಮ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಐದು ಲೀಟರಿನ ಒಂದು ಕ್ಯಾನ್ 40 ದಿನಕ್ಕೆ ಮುಗಿದಿತ್ತು. ಎಣ್ಣೆ ನೀರಿಗಿಂತ ಹಗುರ, ಲೀಟರಿಗೆ ಸುಮಾರು 910 ಗ್ರಾಂ. ಐದು ಲೀಟರಿಗೆ 4550 ಗ್ರಾಂ. ನಾನು ಹಾಸ್ಟೆಲಿನಲ್ಲಿದ್ದ ಆ ದಿನಗಳಲ್ಲಿ ಮನೆಯಲ್ಲಿದ್ದವರು ಅಪ್ಪ, ಅಮ್ಮ, ಅಜ್ಜಿ. ಭಾಗಿಸಿದರೆ ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ 340 ಕ್ಯಾಲೊರಿ. ಅಷ್ಟು ಶಕ್ತಿಯನ್ನು ಬೇಯಿಸಿದ ಆಲೂಗೆಡ್ಡೆಯಿಂದ ಪಡೆಯಬೇಕಾದರೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಕೆಜಿ ತಿನ್ನಬೇಕು. ಅದೇ ಹೈದರಾಬಾದ್ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ಊಟಕ್ಕೆ ಇಟ್ಟಿರುವ ಎಣ್ಣೆ 27 ಗ್ರಾಂ. ಅಜ್ಜಿ ತಿನ್ನುವುದು ಗುಬ್ಬಿಯಷ್ಟು. ಹಾಗಾಗಿ ಅಪ್ಪನ ಪಾಲು 38ಕ್ಕಿಂತ ಜಾಸ್ತಿಯೇ ಇದ್ದೀತು.

ಆ ಕ್ಯಾಲೆಂಡರುಗಳನ್ನು ಅಮ್ಮ ಎಸೆಯುವುದಿಲ್ಲ. 2022ರದ್ದು ತೆಗೆದು ನೋಡಿದೆ. ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆಯ ಬೆಲೆ ಗಗನಕ್ಕೇರಿದ ವರ್ಷ ಅದು. ನಮ್ಮ ದೇಶ ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವುದು, ಸೂರ್ಯಕಾಂತಿಯಂತೂ ಆಗ ಬಹುಪಾಲು ಉಕ್ರೇನ್, ರಷ್ಯಾ ಕಡೆಯಿಂದಲೇ. ಆ ಬೇಸಿಗೆಯಲ್ಲಿ ಅದೇ ಅಳತೆಯ ಕ್ಯಾನ್ ನಮ್ಮ ಮನೆಯಲ್ಲಿ ಎರಡು ತಿಂಗಳು ಬಂದಿತ್ತು. ಸಾರು ರುಚಿಯಿಲ್ಲವೆಂದು ಆಗ ಯಾರಾದರೂ ಹೇಳಿದ್ದು ನನಗೆ ನೆನಪಿಲ್ಲ.

ನನ್ನ ಮಿನಿ ಪ್ರಾಜೆಕ್ಟ್ ಒಂದು ತೂಕದ ಯಂತ್ರ. ಒಂದು ಲೋಡ್ ಸೆಲ್, ಒಂದು ಆಂಪ್ಲಿಫೈಯರ್ ಬೋರ್ಡ್, ಒಂದು ಆರ್ಡುಯಿನೊ. ವೈವಾದಲ್ಲಿ ‘ಇದರಿಂದ ಸಮಾಜಕ್ಕೇನು ಉಪಯೋಗ?’ ಎಂಬ ಪ್ರಶ್ನೆಗೆ ತಡಬಡಾಯಿಸಿದ್ದೆ. ಈಗ ಉಪಯೋಗ ಸಿಕ್ಕಿತು. ಹಾಸ್ಟೆಲಿಗೆ ಕಟ್ಟಿಕೊಡಲು ಅಮ್ಮ ಚಿಪ್ಸ್ ಕರಿಯುತ್ತಿದ್ದರು. ಹೆಚ್ಚಿದ ಹೋಳು ತೂಗಿದೆ, 500 ಗ್ರಾಂ. ಕರಿಯುವ ಮೊದಲು ಬಾಣಲೆಯ ಎಣ್ಣೆ ತೂಗಿದೆ. ಕರಿದು, ಆರಿಸಿ, ಮತ್ತೆ ತೂಗಿದೆ. ಚಿಪ್ಸ್ 162 ಗ್ರಾಂ. ಬಾಣಲೆಯಲ್ಲಿ ಕಡಿಮೆಯಾದ ಎಣ್ಣೆ 56 ಗ್ರಾಂ, ಅದರಲ್ಲಿ ಕಾಗದ ಹೀರಿದ್ದು 2 ಗ್ರಾಂ.

ಅರ್ಧ ಕೆಜಿ ಆಲೂಗೆಡ್ಡೆಯೊಳಗಿದ್ದ ನೀರೆಲ್ಲ, ಸುಮಾರು 390 ಗ್ರಾಂ, ಅಡುಗೆಮನೆಯ ಕಿಟಕಿಯಿಂದ ಆವಿಯಾಗಿ ಹೋಗಿತ್ತು. ಬಾಣಲೆಯಲ್ಲಿ ಚುಂಯ್ ಎಂದು ಗುಳ್ಳೆ ಏಳುತ್ತದಲ್ಲ, ಅದು ಎಣ್ಣೆ ಕುದಿಯುವುದಲ್ಲ, ಗೆಡ್ಡೆಯ ನೀರು ಹೊರಡುವುದು. ನೀರು ಬಿಟ್ಟ ಸಂದಿಗೆ ಎಣ್ಣೆ ಬಂದು ಕೂರುತ್ತದೆ. ತಮಾಷೆಯೆಂದರೆ ಎಣ್ಣೆ ಬಹಳಷ್ಟು ಒಳಗೆ ಹೋಗುವುದು ಬಾಣಲೆಯಲ್ಲಿರುವಾಗಲ್ಲ. ಹೊರಗೆ ತೆಗೆದ ಮೇಲೆ ಒಳಗಿನ ಆವಿ ತಣ್ಣಗಾಗಿ ಕುಗ್ಗುವಾಗ ಮೈಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಿಸಿಯಿರುವಾಗಲೇ ಜಾಲರಿಯಲ್ಲಿ ಕೊಡವಿ ಎಣ್ಣೆ ಇಳಿಸಬೇಕು ಎನ್ನುವ ಅಜ್ಜಿಯ ಮಾತಿಗೆ ಹೀಗೊಂದು ಭೌತಶಾಸ್ತ್ರ ಇದೆ ಎಂದು ಗೊತ್ತಾಗಿ ಅಜ್ಜಿ ಆ ಸಂಜೆಯೆಲ್ಲ ಬೀಗುತ್ತಿದ್ದರು.

ಕ್ಯಾಲೊರಿ ಲೆಕ್ಕ ಹಾಕಿದೆ. ಹಸಿ ಹೋಳಿಗೆ 385. ಅದರೊಳಗೆ ಸೇರಿದ 54 ಗ್ರಾಂ ಎಣ್ಣೆಗೆ 486. ಒಟ್ಟು 870 ಚಿಲ್ಲರೆ. ನಾವು ‘ಆಲೂಗೆಡ್ಡೆ ಚಿಪ್ಸ್’ ಎಂದು ಕರೆಯುವ ತಿಂಡಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಶಕ್ತಿ ಎಣ್ಣೆಯದು. ಹೆಸರು ಮಾತ್ರ ಆಲೂಗೆಡ್ಡೆಯದು, ಅಪವಾದವೂ. ಕಾಲೇಜು ಕ್ಯಾಂಟೀನಿನಲ್ಲಿ ಸಿಗುವ ಪೊಟ್ಟಣದ ಹಿಂಬದಿ ನೋಡಿ, ಅಲ್ಲೂ ತೂಕದ ಮೂರನೇ ಒಂದು ಭಾಗದಷ್ಟು ಕೊಬ್ಬು ಎಂದೇ ಬರೆದಿರುತ್ತದೆ. 162 ಗ್ರಾಂ ಚಿಪ್ಸನ್ನು ನಾನು ಮೊಬೈಲಿನಲ್ಲಿ ಒಂದು ಸಿನಿಮಾ ನೋಡುತ್ತ ಮುಗಿಸಬಲ್ಲೆ. ಅರ್ಧ ಕೆಜಿ ಬೇಯಿಸಿದ ಆಲೂಗೆಡ್ಡೆಯನ್ನು ಪಂಥ ಕಟ್ಟಿದರೂ ಮುಗಿಸಲಾರೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 38 ಆಹಾರಗಳನ್ನು ಸಮ ಕ್ಯಾಲೊರಿಯಲ್ಲಿ ತಿನ್ನಿಸಿ ಯಾವುದು ಹೆಚ್ಚು ಹೊತ್ತು ಹೊಟ್ಟೆ ತುಂಬಿಸುತ್ತದೆ ಎಂದು ಅಳೆದಾಗ ಬ್ರೆಡ್ಡಿಗೆ 100 ಅಂಕವಾದರೆ ಬೇಯಿಸಿದ ಆಲೂಗೆಡ್ಡೆಗೆ ಬಂದದ್ದು 323. ಮೊದಲ ಸ್ಥಾನ ಅದಕ್ಕೇ.

ಇಷ್ಟಾದ ಮೇಲೆ ಆಲೂಗೆಡ್ಡೆ ನಿರಪರಾಧಿ ಎಂದು ತೀರ್ಪು ಬರೆದು ಅಪ್ಪನ ತಟ್ಟೆಗೆ ಪಲ್ಯ ಹಾಕುವ ಆತುರ ನನ್ನದು. ಆದರೆ ಮನೆಯಲ್ಲೊಂದು ಗ್ಲುಕೋಮೀಟರ್ ಇತ್ತು. ‘ಅದ್ರಲ್ಲೇ ನೋಡವ್ವ, ಸುಮ್ನೆ ಬಾಯಲ್ಲಿ ಹೇಳ್ಬ್ಯಾಡ’ ಎಂದರು ಅಪ್ಪ.

ಮಾತ್ರೆ ಒಂದೂ ತಪ್ಪಿಸದೆ, ನಾಲ್ಕು ರಾತ್ರಿ, ಊಟವಾದ ಎರಡು ಗಂಟೆಗೆ ಬೆರಳು ಚುಚ್ಚಿದೆವು. ಮೊದಲ ದಿನ ಮಾಮೂಲಿ ಎರಡು ಮುದ್ದೆ, ಸೊಪ್ಪಿನ ಸಾರು: 196. ಎರಡನೇ ದಿನ ಅದರ ಮೇಲೆ 200 ಗ್ರಾಂ ಬೇಯಿಸಿದ ಆಲೂಗೆಡ್ಡೆ: 231. ಅಮ್ಮ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಮೂರನೇ ದಿನ ಒಂದು ಮುದ್ದೆ ತೆಗೆದು ಆ ಜಾಗಕ್ಕೆ ಅದೇ 200 ಗ್ರಾಂ ಆಲೂಗೆಡ್ಡೆ: 189. ನಾಲ್ಕನೇ ದಿನವೂ ಒಂದೇ ಮುದ್ದೆ, ಅಷ್ಟೇ ಆಲೂಗೆಡ್ಡೆ, ಆದರೆ ಎಣ್ಣೆಯಲ್ಲಿ ಕರಿದದ್ದು. ಅಪ್ಪನ ಸಕ್ಕರೆ ಆಕಾಶಕ್ಕೇರುತ್ತದೆ, ಅಮ್ಮನ ಬಾಯಿ ಮುಚ್ಚುತ್ತದೆ ಎಂದು ಕಾಯುತ್ತಿದ್ದೆ. ಬಂದದ್ದು 162.

‘ನೋಡ್ದಾ? ಎಣ್ಣೆ ಹಾಕಿದ್ರೆ ಸಕ್ಕರೆ ಇಳೀತದೆ!’ ಅಮ್ಮ ಗೆದ್ದರು. ಅಜ್ಜಿಯೂ ಆ ಪಕ್ಷ ಸೇರಿದರು. ನಾನು ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿದೆ.

ರಾತ್ರಿ ನಿದ್ದೆ ಬರದೆ ಅದನ್ನೇ ಓದುತ್ತ ಕೂತೆ. ಕೊಬ್ಬು ಹೊಟ್ಟೆಯಿಂದ ಕರುಳಿಗೆ ಊಟ ಇಳಿಯುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ಸಕ್ಕರೆಯ ಏರಿಕೆ ತಡವಾಗುತ್ತದೆ, ಎರಡು ಗಂಟೆಯ ಫೋಟೊದಲ್ಲಿ ಅದು ಸಿಗುವುದಿಲ್ಲ. ಅಪ್ಪನನ್ನು ಎಬ್ಬಿಸಿ ನಾಲ್ಕು ಗಂಟೆಗೆ ಇನ್ನೊಮ್ಮೆ ಚುಚ್ಚಿದೆ (ಬೈಸಿಕೊಂಡೆ). 184. ಇಳಿಯಬೇಕಾದ ಹೊತ್ತಿನಲ್ಲಿ ಏರಿತ್ತು. ಬೇಯಿಸಿದ ದಿನ ನಾಲ್ಕು ಗಂಟೆಯ ಅಂಕಿ ತೆಗೆದುಕೊಂಡಿರಲಿಲ್ಲ, ಅದು ನನ್ನ ಪ್ರಯೋಗದ ಹುಳುಕು. ಇನ್ನೊಂದು ಹುಳುಕೂ ಇದೆ. ಮನೆಯ ಗ್ಲುಕೋಮೀಟರುಗಳಿಗಿರುವ ಅಂತರರಾಷ್ಟ್ರೀಯ ಮಾನದಂಡವೇ ನೂರರ ಮೇಲಿನ ಅಂಕಿಗಳಿಗೆ ಶೇ 15ರಷ್ಟು ಆಚೀಚೆಯನ್ನು ಒಪ್ಪುತ್ತದೆ. 196 ಎಂದು ತೋರಿಸಿದ್ದು 170 ಇರಬಹುದು, 220 ಇರಬಹುದು. ಹಾಗಿದ್ದಮೇಲೆ 196 ದೊಡ್ಡದು, 189 ಚಿಕ್ಕದು ಎಂದು ಕುಣಿಯುವ ಹಾಗಿಲ್ಲ. ಒಂದೊಂದೇ ಅಂಕಿಯಿಂದ ಗ್ರಾಫ್ ಎಳೆದರೆ ಲ್ಯಾಬಿನಲ್ಲಿ ಸೊನ್ನೆ ಕೊಡುತ್ತಾರೆ.

ಆದರೂ ಆ ರಾತ್ರಿ ನನಗೊಂದು ವಿಷಯ ಗಟ್ಟಿಯಾಗಿ ಹೊಕ್ಕಿತು. ನಾಲ್ಕನೇ ದಿನದ ಕರಿದ ಹೋಳಿನಲ್ಲಿ 18 ಗ್ರಾಂ ಎಣ್ಣೆ ಸೇರಿತ್ತು, ನಾನು ತೂಗಿದ್ದೆ. ಅದು 162 ಕ್ಯಾಲೊರಿ. ಆಲೂಗೆಡ್ಡೆಯದು 154. ತಟ್ಟೆಯಲ್ಲಿದ್ದ ಗೆಡ್ಡೆಯಷ್ಟೇ ಶಕ್ತಿ ಅದು ಕುಡಿದ ಎಣ್ಣೆಯಲ್ಲೂ ಇತ್ತು, ಮೀಟರು ಅದನ್ನು ನೋಡಲೇ ಇಲ್ಲ. ಅದು ನೋಡುವುದು ಸಕ್ಕರೆಯನ್ನು ಮಾತ್ರ. ವೋಲ್ಟ್‌ಮೀಟರಿಗೆ ಕರೆಂಟು ಕಾಣದ ಹಾಗೆ. ಆಲೂಗೆಡ್ಡೆಯ ತಪ್ಪು ಎರಡೇ ಗಂಟೆಯಲ್ಲಿ ಪರದೆಯ ಮೇಲೆ ಬೀಳುತ್ತದೆ, ಅದಕ್ಕೇ ಅದಕ್ಕೆ ಶಿಕ್ಷೆ. ಎಣ್ಣೆಯ ಲೆಕ್ಕ ಬೀಳುವುದು ಸೊಂಟದ ಸುತ್ತ, ತಿಂಗಳುಗಳ ಮೇಲೆ. ಸೊಂಟದ ಬೊಜ್ಜು ಹೆಚ್ಚಿದಂತೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ನಾಳೆ ತಿನ್ನುವ ಅದೇ ಒಂದು ಗೆಡ್ಡೆಗೆ ಇವತ್ತಿಗಿಂತ ಹೆಚ್ಚು ಸಕ್ಕರೆ ಏರುತ್ತದೆ.

ಅಪ್ಪನ ರಕ್ತ ಪರೀಕ್ಷೆಯ ಹಾಳೆಯಲ್ಲಿ ಟ್ರೈಗ್ಲಿಸರೈಡ್ ಎಂಬ ಸಾಲೂ ಇತ್ತು, 260, ಅದರ ಮುಂದೆ ಮೇಲ್ಮುಖದ ಬಾಣ. ಸಿಕ್ಕಿಬಿತ್ತು ಎಣ್ಣೆ ಎಂದುಕೊಂಡೆ. ಅಲ್ಲೂ ವಿಷಯ ಅಷ್ಟು ನೇರವಿಲ್ಲ. ಹೆಚ್ಚಾದ ಪಿಷ್ಟವನ್ನೂ ಸಕ್ಕರೆಯನ್ನೂ ನಮ್ಮ ಯಕೃತ್ತು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಆ 260ರಲ್ಲಿ ಮುದ್ದೆಯ ಪಾಲೂ ಇರಬಹುದು. ಮುದ್ದೆಯ ಮೇಲೆ ನಮ್ಮ ಕಡೆ ಯಾರೂ ಅನುಮಾನ ಪಡುವುದಿಲ್ಲ. ‘ಸಕ್ಕರೆಗೆ ರಾಗಿ ಒಳ್ಳೇದು’ ಎಂದು ಎರಡರ ಜಾಗದಲ್ಲಿ ಮೂರು ನುಂಗುವವರಿದ್ದಾರೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ಸುಳ್ಳಲ್ಲ. ಆದರೆ 100 ಗ್ರಾಂ ಹಿಟ್ಟಿನ ಒಂದು ದೊಡ್ಡ ಮುದ್ದೆಯಲ್ಲಿರುವ ಕಾರ್ಬೋಹೈಡ್ರೇಟ್ ಸುಮಾರು 70 ಗ್ರಾಂ, 200 ಗ್ರಾಂ ಆಲೂಗೆಡ್ಡೆಯಲ್ಲಿರುವುದು 34. ಗೆಡ್ಡೆಯ ಪಿಷ್ಟ ಬೇಗ ಸಕ್ಕರೆಯಾಗುತ್ತದೆ ಎಂಬುದೂ ನಿಜ. ಬೇಯಿಸಿ ಆರಿಸಿಟ್ಟರೆ ಅದರಲ್ಲಿ ಸ್ವಲ್ಪ ಭಾಗ ಜೀರ್ಣವಾಗದ ಪಿಷ್ಟವಾಗಿ ಬದಲಾಗುತ್ತದೆ, ಏರಿಕೆ ತುಸು ತಗ್ಗುತ್ತದೆ. ತುಸು ಮಾತ್ರ.

ಅಂದರೆ ನಾನು ವಕಾಲತ್ತು ವಹಿಸಿದ ಕಕ್ಷಿದಾರ ಪೂರ್ತಿ ಸಾಚಾ ಅಲ್ಲ. ಊಟದ ಮೇಲೆ ಊಟವಾಗಿ ಬಂದರೆ ಆಲೂಗೆಡ್ಡೆಯೂ ತೊಂದರೆಯೇ. ಮುದ್ದೆಯ ಜಾಗಕ್ಕೆ ಬಂದರೆ ಮಾತ್ರ ಅದಕ್ಕೊಂದು ಜಾಗವಿದೆ. ತರಕಾರಿ ಎಂದು ಕರೆಯುವುದರಿಂದಲೇ ಈ ಗೊಂದಲ. ಅಡುಗೆಯಲ್ಲಿ ಅದು ಪಲ್ಯವಾಗಿ ಬರುತ್ತದೆ, ಹೊಟ್ಟೆಯಲ್ಲಿ ಅನ್ನದ ಕೆಲಸ ಮಾಡುತ್ತದೆ. ನಾವು ಅನ್ನದ ಜೊತೆ ಆಲೂಗೆಡ್ಡೆ ಸಾರು, ಪೂರಿಯ ಜೊತೆ ಸಾಗು, ದೋಸೆಯೊಳಗೆ ಪಲ್ಯ ತಿನ್ನುವ ಜನ. (ಧಾರವಾಡ ಕಡೆಯ ನನ್ನ ರೂಮ್‌ಮೇಟ್‌ಗೆ ಉಳ್ಳಾಗಡ್ಡಿ ಎಂದರೆ ಈರುಳ್ಳಿ. ಮೊದಲ ವರ್ಷ ನಾನು ‘ಉರುಳಗಡ್ಡೆ ತಾ’ ಎಂದು ಕಳಿಸಿದ್ದಕ್ಕೆ ಎರಡು ಕೆಜಿ ಈರುಳ್ಳಿ ತಂದು ಇಬ್ಬರೂ ವಾರವಿಡೀ ಕಣ್ಣೀರು ಹಾಕಿದ್ದೆವು. ಈ ಗೆಡ್ಡೆಯ ಸುತ್ತ ಗೊಂದಲ ಹೊಸದೇನಲ್ಲ.)

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. 340 ಕ್ಯಾಲೊರಿಯ ಲೆಕ್ಕ ಕಂಡ ಹುಮ್ಮಸ್ಸಿನಲ್ಲಿ ನಾನು ಮನೆಯಲ್ಲಿ ‘ಎಣ್ಣೆ ಬಂದ್’ ಘೋಷಿಸಿದ್ದೆ. ಸೊಪ್ಪಿನ ಪಲ್ಯ ಹುಲ್ಲಿನ ಹಾಗಿತ್ತು. ಅಜ್ಜಿ ಮೂರನೇ ದಿನ ತಟ್ಟೆ ದೂಡಿ, ‘ನಂಗೆ ಹಲ್ಲಿಲ್ಲ ಸರಿ, ನಾಲಿಗೇನೂ ಇಲ್ಲ ಅನ್ಕೊಂಡಾ?’ ಎಂದರು. ಅವರು ಹೇಳಿದ್ದು ರುಚಿಯ ಮಾತು, ಆದರೆ ವಿಜ್ಞಾನವೂ ಅವರ ಕಡೆಗೇ ಇತ್ತು. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟಾಗ ಅವುಗಳ ಚರ್ಮ ಒಡೆಯಿತು, ಬೆಳವಣಿಗೆ ನಿಂತಿತು. ಲಿನೋಲಿಯಿಕ್ ಆಮ್ಲದಂಥ ಕೆಲವು ಕೊಬ್ಬುಗಳನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು ಎಂದು ಗೊತ್ತಾದದ್ದು ಹಾಗೆ. ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಧಾರಾಳ. ಒಂದು ಟೀ ಚಮಚದಷ್ಟು ಎಣ್ಣೆಯಲ್ಲಿ 2 ಮಿಲಿಗ್ರಾಂನಷ್ಟು ವಿಟಮಿನ್ ಇ ಕೂಡ ಸಿಗುತ್ತದೆ. ಸೊಪ್ಪಿನಲ್ಲಿರುವ ಬೀಟಾ ಕೆರೋಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಒಂದು ಚೀಲ ಆಲೂಗೆಡ್ಡೆ ತಿಂದರೂ ಈ ಕೆಲಸ ಆಗುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಆಲೂಗೆಡ್ಡೆ ಮಂಡಳಿಯ ಮುಖ್ಯಸ್ಥ ಕ್ರಿಸ್ ವಾಯ್ಟ್ 2010ರಲ್ಲಿ ಪ್ರತಿಭಟನೆಗಾಗಿ 60 ದಿನ, ದಿನಕ್ಕೆ 20 ಆಲೂಗೆಡ್ಡೆಯಂತೆ ತಿಂದು ಸುಮಾರು ಒಂಬತ್ತೂವರೆ ಕೆಜಿ ಇಳಿದರು. ಅವರೂ ಬೇಯಿಸಲು ಒಂದಿಷ್ಟು ಎಣ್ಣೆ ಬಳಸಿದ್ದರು. ಆಲೂಗೆಡ್ಡೆ ಮಾರುವವರೇ ಮಾಡಿದ ಪ್ರಚಾರವಾದ್ದರಿಂದ ಅದನ್ನು ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ನಾಳೆಯಿಂದಲೇ ಶುರು ಮಾಡುತ್ತಿದ್ದರು.

ಕರಿದು ಉಳಿದ ಎಣ್ಣೆಯನ್ನು ಮಾತ್ರ ಅಮ್ಮನಿಂದ ಬಿಡಿಸಿದೆ. ಹಬ್ಬದಲ್ಲಿ ಕಜ್ಜಾಯ ಕರಿದ ಎಣ್ಣೆ ವಾರವಿಡೀ ಒಗ್ಗರಣೆಗೆ ಹೋಗುತ್ತಿತ್ತು. ಪದೇ ಪದೇ ಕಾಯಿಸಿದ ಎಣ್ಣೆ ಒಡೆದು ಅದರಲ್ಲಿ ಪೋಲಾರ್ ಸಂಯುಕ್ತಗಳು ಸೇರಿಕೊಳ್ಳುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ನಿಯಮ ಮಾಡಿದೆ, ಹೋಟೆಲುಗಳ ಹಳೆಯ ಎಣ್ಣೆಯನ್ನು ಬಯೋಡೀಸೆಲ್ ಮಾಡುವ ಯೋಜನೆಯೂ ಇದೆ. ಪಿಜಿ, ಮೆಸ್ಸುಗಳಲ್ಲಿ ಸಂಜೆ ಬೋಂಡಾ ಕಪ್ಪಗೆ ಬಂದರೆ ಬಾಣಲೆ ಕಡೆ ಒಮ್ಮೆ ಇಣುಕಿ ನೋಡಿ.

ರಜೆ ಮುಗಿಯುವ ಮುಂಚೆ ನನ್ನ ನೋಟ್‌ಬುಕ್ ಹಿಡಿದು ಅಪ್ಪನ ಜೊತೆ ಡಾಕ್ಟರ ಹತ್ತಿರ ಹೋದೆ. ಅವರು ಅಂಕಿಗಳನ್ನು ನೋಡಿ ನಕ್ಕರು, ಚೀಟಿಯಲ್ಲಿ ಬರೆದದ್ದನ್ನೇ ಬಾಯಲ್ಲಿ ಹೇಳಿದರು. ಎಣ್ಣೆ ಅಳತೆ ಮಾಡಿ ಹಾಕಿ, ಆಲೂಗೆಡ್ಡೆ ತಿನ್ನುವ ದಿನ ಮುದ್ದೆ ಕಡಿಮೆ ಮಾಡಿ, ಕರಿದದ್ದು ಬೇಡ, ದಿನಾ ನಡೆಯಿರಿ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಡಿಸೆಂಬರಿನಲ್ಲಿ ಮಾಡಿಸಿ. ನಿಮ್ಮ ಮನೆಯಲ್ಲೂ ಇಂಥ ಕಾಯಿಲೆಯವರಿದ್ದರೆ ನನ್ನ ಹಾಗೆ ಮೊದಲು ಚುಚ್ಚಿ ಆಮೇಲೆ ಕೇಳಬೇಡಿ, ಕೇಳಿ ಚುಚ್ಚಿ.

ಕಟಾವಿನ ಕೊನೆಯ ದಿನ ಹೊಲದ ಬದುವಿನಲ್ಲಿ ಕಸ ಸುಡುತ್ತಿದ್ದರು. ಅಪ್ಪ ಕೆಂಡದೊಳಗೆ ಎರಡು ಗೆಡ್ಡೆ ತಳ್ಳಿದರು. ಚಿಕ್ಕಂದಿನಲ್ಲಿ ನನಗೆ ಹೀಗೇ ಸುಟ್ಟು, ಸಿಪ್ಪೆ ಸುಲಿದು, ಉಪ್ಪು ಹಚ್ಚಿ ಕೊಡುತ್ತಿದ್ದರು. ಸುಟ್ಟಾದ ಮೇಲೆ ಒಂದನ್ನು ಕೈಯಿಂದ ಕೈಗೆ ಹಾರಿಸುತ್ತ ಊದುತ್ತ ನನ್ನ ಮುಂದೆ ಹಿಡಿದರು.

‘ಎಷ್ಟು ಗ್ರಾಂ ಇದ್ದಾತು ಇದು?’

‘ನೂರಿಪ್ಪತ್ತು ಇರ್ಬೋದು, ಅಪ್ಪ.’

‘ಎಣ್ಣೆ?’

‘ಸೊನ್ನೆ.’

‘ಹಂಗಾದ್ರೆ ರಾತ್ರಿಗೆ ಒಂದೇ ಮುದ್ದೆ ಅಂತ ನಿಮ್ಮವ್ವಂಗೆ ನೀನೇ ಹೇಳು’ ಎಂದು ಬಾಯಿಗಿಟ್ಟರು.

ಈಗ ಐದನೇ ಸೆಮಿಸ್ಟರ್. ತೂಕದ ಯಂತ್ರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ಆದರೆ ಅಮ್ಮ ಅದನ್ನು ಮುಟ್ಟುವುದಿಲ್ಲ. ಎಣ್ಣೆ ಪಾತ್ರೆಗೆ ಅಜ್ಜಿಯ ಔಷಧಿ ಬಾಟಲಿಯ ಜೊತೆ ಬಂದ ಪ್ಲಾಸ್ಟಿಕ್ ಮುಚ್ಚಳವನ್ನು ಅಳತೆಗೆ ಇಟ್ಟುಕೊಂಡಿದ್ದಾರಂತೆ. ಮೊನ್ನೆ ಫೋನು ಮಾಡಿದಾಗ ಬೇರೆ ಏನೇನೋ ಮಾತಾಡಿ, ಇಡುವ ಮುಂಚೆ ಹೇಳಿದರು: ‘ಗಣಪತಿ ಹಬ್ಬ ಕಳೆದ್ಮೇಲೆ ಒಡೆದ ಕ್ಯಾನು ಕಣೇ, ಇವತ್ತಿಗೆ ಐವತ್ನಾಲ್ಕು ದಿನ. ಇನ್ನೂ ತಳದಲ್ಲಿ ಐತೆ.’ ಅಪ್ಪನ ರಕ್ತ ಪರೀಕ್ಷೆ ಡಿಸೆಂಬರ್ ಎರಡನೇ ವಾರ. ಅದೇ ವಾರ ನನ್ನ ಇಂಟರ್ನಲ್ಸ್.